ಧಾರವಾಡದ ಇಲಿ, ಡಾರ್ವಿನ್ನನ ಪಾರಿವಾಳ

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಬಹುಮಹಡಿ ಮನೆಗಳಲ್ಲಿ ಈಗ ಬೆಳಗಾಗುವುದು ಕೋಳಿಯ ಕೂಗಿನಿಂದಲ್ಲ, ಪಾರಿವಾಳದ ಗುಟುರಿನಿಂದ. ಬಾಲ್ಕನಿಗೆ ಬಲೆ ಕಟ್ಟಿಸಿದರೂ ಬಿಡದೆ, ಎಲ್ಲೋ ಒಂದು ಸಂದಿ ಹುಡುಕಿ, ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು, ಎರಡು ಮೊಟ್ಟೆಯಿಟ್ಟು ಸಂಸಾರ ಹೂಡುವ ಈ ಹಕ್ಕಿಯನ್ನು ಕಂಡರೆ ಮನೆ ತೊಳೆಯುವವರಿಗೆ ಸಿಟ್ಟು. ಬೆಳಗ್ಗೆ ಎದ್ದು ಅದಕ್ಕೇ ಒಂದು ಹಿಡಿ ಜೋಳ ಎರಚಿದರೆ ಪುಣ್ಯ ಬಂತೆಂದುಕೊಳ್ಳುವವರೂ ಉಂಟು. ಸಿಟ್ಟಿನವರೂ ಪುಣ್ಯದವರೂ ಸಾಮಾನ್ಯವಾಗಿ ಮಾಡದ ಕೆಲಸ ಒಂದಿದೆ. ಆ ಹಕ್ಕಿಗಳನ್ನು ಐದು ನಿಮಿಷ ನಿಂತು ನೋಡುವುದು.

ಹಾಗೆ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಐವತ್ತು ಹಕ್ಕಿಗಳ ಒಂದು ಗುಂಪಿನಲ್ಲಿ ಎಲ್ಲವೂ ಒಂದೇ ಬಣ್ಣದವಲ್ಲ. ಕೆಲವು ಸ್ಲೇಟಿನ ಬೂದುಬಣ್ಣದವು, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ. ಕೆಲವಕ್ಕೆ ರೆಕ್ಕೆಯ ತುಂಬ ಕಪ್ಪು ಚೌಕುಳಿ. ಒಂದೆರಡು ಕಪ್ಪಗೆ ಇದ್ದಿಲಿನಂತೆ, ಒಂದು ಇಟ್ಟಿಗೆಯ ಕೆಂಪು, ಇನ್ನೊಂದು ಅರ್ಧ ಬಿಳಿ. ಆದರೂ ಇವೆಲ್ಲ ಒಂದೇ ಜಾತಿ. ಕಪ್ಪು ಕೆಂಪಿನ ಭೇದವೆಣಿಸದೆ ಜೋಡಿಯಾಗಿ ಮರಿ ಮಾಡುತ್ತವೆ. ಒಂದೇ ಜಾತಿಯೊಳಗೆ ಇಷ್ಟು ಬಗೆ ಏಕೆ? ಈ ಬಗೆಗಳು ಬೆಳೆಯುತ್ತ ಹೋದರೆ ಒಂದು ದಿನ ಬೇರೆಯೇ ಜಾತಿಯಾದೀತೆ?

ಇದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು 1855ರಲ್ಲಿ ಇಂಗ್ಲೆಂಡಿನ ಡೌನ್ ಎಂಬ ಹಳ್ಳಿಯಲ್ಲಿ ಒಬ್ಬ ಗೃಹಸ್ಥ ಹಿತ್ತಲಲ್ಲಿ ಪಾರಿವಾಳದ ಗೂಡು ಕಟ್ಟಿಸಿದ. ಅವನು ಚಾರ್ಲ್ಸ್ ಡಾರ್ವಿನ್. ಅವನಿಗೆ ಇಂಗ್ಲೆಂಡಿನ ಪಾರಿವಾಳಗಳು ಸಾಲಲಿಲ್ಲ. ಪ್ರಪಂಚದ ಬೇರೆ ಕಡೆಯವೂ ಬೇಕಾದವು. ಭಾರತದಿಂದ ಅವನ್ನು ಒದಗಿಸಿದವನು ಕಿತ್ತೂರಿನ ಕೋಟೆಯಲ್ಲಿ ಒಮ್ಮೆ ಸೆರೆಯಾಗಿದ್ದವನು, ಧಾರವಾಡ ಸೀಮೆಯ ಇಲಿಗಳಿಗೆ ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಜಾಗ ಕೊಡಿಸಿದವನು ಎಂಬುದು ಕನ್ನಡಿಗರಲ್ಲಿ ಹೆಚ್ಚು ಜನರಿಗೆ ತಿಳಿಯದ ಸಂಗತಿ.

ಬದಲಾಗದ ಸೃಷ್ಟಿ

ಜೀವಿಗಳು ಬದಲಾಗುತ್ತವೆ ಎಂಬ ಮಾತು ಡಾರ್ವಿನ್ನನಿಂದಲೇ ಆರಂಭವಾದದ್ದಲ್ಲ. ಅವನಿಗಿಂತ ನೂರು ವರ್ಷ ಮುಂಚೆ ಯೂರೋಪಿನ ಬಹುಪಾಲು ವಿದ್ವಾಂಸರು ನಂಬಿದ್ದು ಇಷ್ಟು: ಸೃಷ್ಟಿಯ ದಿನ ಯಾವ ಜೀವಿ ಹೇಗಿತ್ತೋ ಇಂದಿಗೂ ಹಾಗೆಯೇ ಇದೆ, ಯಾವುದೂ ಹೊಸದಾಗಿ ಹುಟ್ಟಿಲ್ಲ, ಯಾವುದೂ ಪೂರ್ತಿ ಅಳಿದಿಲ್ಲ. ಗಿಡ ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ ಕೂಡ ಈ ನಂಬಿಕೆಯಿಂದಲೇ ಹೊರಟವನು.

ಈ ನಂಬಿಕೆಗೆ ಮೊದಲ ದೊಡ್ಡ ಬಿರುಕು ಬಿದ್ದದ್ದು ಆನೆಯಿಂದ. 1796ರಲ್ಲಿ ಫ್ರಾನ್ಸಿನ ಕ್ಯೂವಿಯೇ ಆನೆಗಳ ಹಲ್ಲು, ದವಡೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. ನಮ್ಮ ಕಾಡಿನ ಆನೆ ಬೇರೆ, ಆಫ್ರಿಕದ ಆನೆ ಬೇರೆ ಎಂದು ತೋರಿಸಿದ. ಸೈಬೀರಿಯದ ನೆಲದಲ್ಲಿ ಸಿಗುವ ಮ್ಯಾಮತ್‌ನ ಎಲುಬು ಇವೆರಡಕ್ಕೂ ಹೊಂದುವುದಿಲ್ಲ. ಇಷ್ಟು ದೊಡ್ಡ ಪ್ರಾಣಿ ಭೂಮಿಯ ಮೇಲೆ ಎಲ್ಲಾದರೂ ಬದುಕಿದ್ದರೆ ಯಾರ ಕಣ್ಣಿಗಾದರೂ ಬೀಳಲೇಬೇಕಿತ್ತು. ಬಿದ್ದಿಲ್ಲವೆಂದರೆ ಅದು ಅಳಿದು ಹೋಗಿದೆ ಎಂದೇ ಅರ್ಥ. ಜೀವಜಾತಿಗಳು ನಿರ್ವಂಶವಾಗುತ್ತವೆ ಎಂಬುದು ಹೀಗೆ ಖಚಿತವಾಯಿತು. ಸ್ವಾರಸ್ಯವೆಂದರೆ, ಜೀವಿಗಳು ಅಳಿಯುತ್ತವೆ ಎಂದು ತೋರಿಸಿದ ಕ್ಯೂವಿಯೇ ಅವು ಬದಲಾಗುತ್ತವೆ ಎಂಬುದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಬದಲಾಗುತ್ತವೆ ಎಂದು ಧೈರ್ಯವಾಗಿ ಹೇಳಿದವನು ಅವನ ಸಹೋದ್ಯೋಗಿ ಲಮಾರ್ಕ್. 1809ರ ತನ್ನ ಗ್ರಂಥದಲ್ಲಿ ಒಂದು ಜೀವಿಯಿಂದ ಇನ್ನೊಂದು ಜೀವಿ ಕಾಲಕ್ರಮದಲ್ಲಿ ರೂಪುಗೊಳ್ಳುತ್ತದೆ ಎಂದು ವಾದಿಸಿದ. ಬಳಸಿದ ಅಂಗ ಬೆಳೆಯುತ್ತದೆ, ಬಳಸದ ಅಂಗ ಸೊರಗುತ್ತದೆ, ಹೀಗೆ ಗಳಿಸಿದ್ದು ಮಕ್ಕಳಿಗೂ ಬರುತ್ತದೆ ಎಂಬುದು ಅವನ ವಿವರಣೆ. ಬದಲಾವಣೆ ನಡೆಯುತ್ತದೆ ಎಂಬುದರಲ್ಲಿ ಅವನು ಸರಿ. ಹೇಗೆ ನಡೆಯುತ್ತದೆ ಎಂಬುದರಲ್ಲಿ ತಪ್ಪು. ಕಮ್ಮಾರನ ತೋಳು ಸುತ್ತಿಗೆ ಹೊಡೆದು ಹೊಡೆದು ಗಟ್ಟಿಯಾಗಬಹುದು, ಆದರೆ ಅವನ ಮಗು ಗಟ್ಟಿ ತೋಳಿನೊಂದಿಗೆ ಹುಟ್ಟುವುದಿಲ್ಲ.

ಬದಲಾವಣೆಗೆ ಕಾಲ ಬೇಕು. ಅದನ್ನು ಒದಗಿಸಿದವರು ಭೂವಿಜ್ಞಾನಿಗಳು. 1830ರಿಂದ 1833ರವರೆಗೆ ಮೂರು ಸಂಪುಟಗಳಲ್ಲಿ ಬಂದ ಲಯಲ್‌ನ ಭೂವಿಜ್ಞಾನದ ಗ್ರಂಥ, ಇಂದು ಕಣ್ಣೆದುರಿಗೆ ನಡೆಯುವ ಮಳೆ, ಹೊಳೆ, ಜ್ವಾಲಾಮುಖಿ, ಭೂಕಂಪಗಳೇ ಸಾಕಷ್ಟು ಕಾಲ ಕೊಟ್ಟರೆ ಬೆಟ್ಟವನ್ನು ಎಬ್ಬಿಸುತ್ತವೆ, ಸವೆಸುತ್ತವೆ ಎಂದಿತು. ಡಾರ್ವಿನ್ ಬೀಗಲ್ ಹಡಗು ಹತ್ತುವಾಗ ಅದರ ಮೊದಲ ಸಂಪುಟ ಅವನ ಕೈಯಲ್ಲಿತ್ತು.

ಎಷ್ಟು ಕಾಲ? ಭೌತವಿಜ್ಞಾನಿ ಕೆಲ್ವಿನ್ 1862ರಲ್ಲಿ ಭೂಮಿಯ ವಯಸ್ಸು ಸುಮಾರು 10 ಕೋಟಿ ವರ್ಷ ಇದ್ದೀತು ಎಂದು ಲೆಕ್ಕ ಹಾಕಿದಾಗ ಡಾರ್ವಿನ್ನನಿಗೆ ಕಳವಳವಾಯಿತು. ಅವನ ಸಿದ್ಧಾಂತಕ್ಕೆ ಅಷ್ಟು ಸಾಲದು. ಜಯನಗರದಿಂದ ನಡೆದೇ ಹೋಗಬಹುದಾದ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಈ ಕಳವಳಕ್ಕೆ ಒಳ್ಳೆಯ ಸಮಾಧಾನ. ಸಂಜೆ ಗಾಳಿಗೆ ಕುಳಿತು ಕಡಲೆಕಾಯಿ ತಿನ್ನುವವರ ಕಾಲಡಿಯಲ್ಲಿರುವ ಆ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಶಿಲೆಯೊಳಗಿನ ವಿಕಿರಣಶೀಲ ಧಾತುಗಳು ಗಡಿಯಾರದಂತೆ ಕೊಡುವ ಲೆಕ್ಕ ಇದು. ಆ ಗಡಿಯಾರ ಕೆಲ್ವಿನ್ ಲೆಕ್ಕ ಹಾಕಿದಾಗ ಯಾರಿಗೂ ಗೊತ್ತಿರಲಿಲ್ಲ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ಈಗ ತಿಳಿದಿದೆ. ಡಾರ್ವಿನ್ ಕೇಳಿದ್ದಕ್ಕಿಂತ ಹೆಚ್ಚೇ ಕಾಲ ಸಿಕ್ಕಿತು.

ಕಿತ್ತೂರಿನ ಸೆರೆಯಾಳು

ಇನ್ನು ಧಾರವಾಡದ ಕಥೆ. 1803ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ವಾಲ್ಟರ್ ಎಲಿಯಟ್ ಹದಿಹರೆಯ ಮುಗಿಯುವ ಮೊದಲೇ ಕಂಪನಿಯ ನೌಕರಿ ಹಿಡಿದು ಮದರಾಸಿಗೆ ಬಂದ. ಸ್ವಲ್ಪ ಕಾಲದಲ್ಲೇ ಆಗ ದಕ್ಷಿಣ ಮರಾಠಾ ದೇಶವೆಂದು ಆಂಗ್ಲರು ಕರೆಯುತ್ತಿದ್ದ ಧಾರವಾಡ ಸೀಮೆಗೆ ಅವನನ್ನು ಹಾಕಿದರು. ಅಲ್ಲಿ ಅವನ ಮೇಲಧಿಕಾರಿ ಕಲೆಕ್ಟರ್ ಥ್ಯಾಕರೆ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ನಡೆದದ್ದನ್ನು ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ರಾಣಿ ಚೆನ್ನಮ್ಮನ ಪಡೆಯ ಕೈಯಲ್ಲಿ ಥ್ಯಾಕರೆ ಸತ್ತ. ಅವನ ಸಹಾಯಕರಾಗಿದ್ದ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು. ಸ್ಟೀವನ್‌ಸನ್ ಒಬ್ಬ, ಎಲಿಯಟ್ ಇನ್ನೊಬ್ಬ. ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಕೆಲವು ವಾರಗಳ ಬಂಧನದ ನಂತರ ಇಬ್ಬರೂ ಜೀವಂತ ಹೊರಬಂದರು.

ಹಾಗೆ ಬದುಕಿ ಬಂದವನು ಊರಿಗೆ ಓಡಿಹೋಗಲಿಲ್ಲ. 1833ರವರೆಗೆ ಆ ಸೀಮೆಯಲ್ಲೇ ಕಂದಾಯದ ಕೆಲಸ ಮಾಡಿದ. ಊರೂರು ಸುತ್ತುವಾಗ ಅವನ ಕಣ್ಣು ಎರಡು ವಸ್ತುಗಳ ಮೇಲೆ ಬಿತ್ತು. ಒಂದು, ದೇವಸ್ಥಾನಗಳ ಅಂಗಳದಲ್ಲಿ ನಿಂತ ಶಾಸನದ ಕಲ್ಲುಗಳು. ನೂರಾರು ಶಾಸನಗಳನ್ನು ಪ್ರತಿ ಮಾಡಿಸಿ, ಅವುಗಳ ಆಧಾರದಿಂದ ಚಾಲುಕ್ಯರೇ ಮೊದಲಾದ ರಾಜವಂಶಗಳ ಬಗ್ಗೆ 1837ರಲ್ಲಿ ಪ್ರಬಂಧ ಬರೆದ. ಕರ್ನಾಟಕದ ಇತಿಹಾಸ ಬರೆಯುವವರು ಇಂದಿಗೂ ಅವನ ಹೆಸರನ್ನು ನೆನೆಯುವುದು ಅದಕ್ಕಾಗಿ. ಇನ್ನೊಂದು, ಹೊಲ ಕಾಡುಗಳ ಪ್ರಾಣಿಗಳು. ಧಾರವಾಡ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ತಯಾರಿಸಿ 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ. ಪ್ರಾಣಿಗಳ ಲ್ಯಾಟಿನ್ ಹೆಸರಿನ ಜೊತೆಗೆ ಅಲ್ಲಿನ ಜನ ಕರೆಯುವ ಹೆಸರನ್ನೂ ಕೊಟ್ಟ.

ಅವನು ಕಳಿಸಿದ ಇಲಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಪರಿಶೀಲಿಸಿ ಹೊಸ ಹೆಸರಿಟ್ಟ. ಕನ್ನಡಿಗರು ಗುಲಂದಿ ಎನ್ನುತ್ತಿದ್ದ ಇಲಿ ಗೊಲುಂಡ ಎಲಿಯೋಟಿ ಆಯಿತು. ವಡ್ಡರು ಮೆತ್ತಡೆ ಎನ್ನುತ್ತಿದ್ದ ಇಲಿಗೆ ಮೆಲ್ಟಡ ಎಂಬ ಹೆಸರು ಬಂತು. ಒಂದು ಟಕಾರದ ಜಾಗದಲ್ಲಿ ಲಕಾರ ಸೇರಿದ್ದು ಹಾಗೆಯೇ ಉಳಿದುಕೊಂಡಿದೆ. ಪ್ರಾಣಿಶಾಸ್ತ್ರದ ನಿಯಮದಲ್ಲಿ ಮೊದಲು ಅಚ್ಚಾದ ಹೆಸರಿಗೇ ಮನ್ನಣೆ. ಇಂದು ಜಗತ್ತಿನ ಯಾವ ದೇಶದ ವಿದ್ಯಾರ್ಥಿಯಾದರೂ ಈ ಎರಡು ಇಲಿಗಳ ಬಗ್ಗೆ ಓದಿದರೆ ಧಾರವಾಡದ ನೆಲದ ಮಾತನ್ನೇ ಉಚ್ಚರಿಸುತ್ತಾನೆ.

ಗುಲಂದಿಯ ಬಗ್ಗೆ ಎಲಿಯಟ್ ಕೊಟ್ಟ ವಿವರ ಇಂದು ಓದಿದರೂ ಕಣ್ಣಿಗೆ ಕಟ್ಟುತ್ತದೆ. ಅದು ಮುಳ್ಳಿನ ಪೊದೆಯೊಳಗೆ ಒಣಹುಲ್ಲಿನ ನಾರಿನಿಂದ ಉಂಡೆಯಂಥ ಗೂಡು ನೇಯುತ್ತದೆ. ಪೊದೆಯ ಸುತ್ತ ತಾನು ಓಡಾಡಲು ಸಣ್ಣ ಕಾಲುದಾರಿ ಮಾಡಿಕೊಳ್ಳುತ್ತದೆ. ಉಳಿದ ಇಲಿಗಳಂತೆ ನೆಗೆಯಲಾರದು, ನಡಿಗೆ ನಿಧಾನ. ಹೊಟ್ಟೆ ಬಗೆದು ನೋಡಿದರೆ ಗರಿಕೆಯ ಬೇರು. ಕಂದಾಯದ ಅಧಿಕಾರಿಯೊಬ್ಬ ಇಲಿಯ ಹೊಟ್ಟೆಯಲ್ಲಿ ಏನಿದೆ ಎಂದು ನೋಡಬೇಕಾದರೆ ಅವನಿಗೆ ಆ ಕೆಲಸದಲ್ಲಿ ನಿಜವಾದ ಆಸ್ಥೆ ಇದ್ದಿರಬೇಕು.

1826ರ ಮುಂಗಾರು

ಮೆತ್ತಡೆಯ ಬಗ್ಗೆ ಅವನು ಬರೆದದ್ದು ಇನ್ನೂ ಮುಖ್ಯ. ಇದು ಎರೆಹೊಲದ ಇಲಿ. ದೊಡ್ಡ ಬಿಲ ತೋಡುವ ಉಸಾಬರಿ ಇದಕ್ಕಿಲ್ಲ. ಪೊದೆಯ ಬುಡದಲ್ಲಿ, ಹೊಲದ ಬದುವಿನ ಕಲ್ಲುರಾಶಿಯಲ್ಲಿ, ಬೇರೆ ಇಲಿ ಬಿಟ್ಟುಹೋದ ಬಿಲದಲ್ಲಿ, ಇಲ್ಲವೇ ಬೇಸಗೆಯಲ್ಲಿ ಎರೆಮಣ್ಣು ಬಾಯ್ಬಿಟ್ಟ ಬಿರುಕುಗಳಲ್ಲಿ ಇರುತ್ತದೆ. ಹೆಣ್ಣು ಒಂದು ಸಲಕ್ಕೆ ಆರರಿಂದ ಎಂಟು ಮರಿ ಹಾಕುತ್ತದೆ. ಮುಂಗಾರಿನ ಮೊದಲ ಮಳೆ ಹೊಯ್ದಾಗ ಎರೆಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಒಳಗಿದ್ದ ಇಲಿಗಳು ಪ್ರತಿ ವರ್ಷ ರಾಶಿ ರಾಶಿಯಾಗಿ ಸಾಯುತ್ತವೆ.

1826ರಲ್ಲಿ ಮುಂಗಾರು ಸರಿಯಾಗಿ ಹಿಡಿಯಲಿಲ್ಲ. ಬಿರುಕುಗಳು ಮುಚ್ಚಲಿಲ್ಲ, ಇಲಿಗಳು ಸಾಯಲಿಲ್ಲ. ಅವುಗಳ ಸಂತತಿ ಪಿಡುಗಾಗಿ ಬೆಳೆಯಿತು. ಬಿತ್ತಿದ ಬೀಜವನ್ನು ಬಿತ್ತಿದ ಕೂಡಲೇ ತಿಂದವು. ಉಳಿದು ಬೆಳೆದ ಜೋಳದ ದಂಟನ್ನು ಹತ್ತಿ ತೆನೆ ಕಡಿದು ಕೆಳಗೆ ಬೀಳಿಸಿ ತಿಂದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾರದೆ ಹೋದರು. ಕಂದಾಯದ ಅಧಿಕಾರಿಯ ಕಣ್ಣಿಗೆ ಇದು ಬೀಳದೆ ಇರುವುದಾದರೂ ಹೇಗೆ? ರೈತರು ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಕೂಲಿ ಗೊತ್ತಾಯಿತು. ಅವರು ಸಾವಿರಗಟ್ಟಲೆ ಕೊಂದರೂ ಇಲಿಗಳು ಕಡಿಮೆಯಾದಂತೆ ಕಾಣಲಿಲ್ಲ ಎಂದು ಎಲಿಯಟ್ ದಾಖಲಿಸಿದ್ದಾನೆ.

ಇದರ ಲೆಕ್ಕ ಹೈಸ್ಕೂಲಿನ ಹುಡುಗರೂ ಹಾಕಬಹುದು. ಒಂದು ಜೋಡಿ ಇಲಿ ಬರೀ ಆರು ಮರಿ ಹಾಕಿ ಸತ್ತುಹೋಯಿತು ಎನ್ನೋಣ. ಆರರಲ್ಲಿ ಮೂರು ಜೋಡಿ. ಅವುಗಳ ಮರಿ 18. ಮುಂದಿನ ತಲೆಮಾರು 54, ಅದರ ಮುಂದಿನದು 162. ಹೀಗೆ ಹತ್ತನೆಯ ತಲೆಮಾರಿಗೆ 1,18,098 ಇಲಿಗಳು. ಧಾರವಾಡದ ಹೊಲಗಳು ಪ್ರತಿ ವರ್ಷ ಹೀಗೆ ಇಲಿಗಳಿಂದ ತುಂಬಿಹೋಗುವುದಿಲ್ಲವೆಂದರೆ ಅರ್ಥ ಒಂದೇ. ಹುಟ್ಟಿದ ಬಹುಪಾಲು ಮರಿಗಳು ಮರಿ ಹಾಕುವ ಮುಂಚೆಯೇ ಸಾಯುತ್ತವೆ. 1826ರ ಪಿಡುಗು ಪ್ರಕೃತಿಯ ಕಟ್ಟಳೆ ತಪ್ಪಿದ್ದಲ್ಲ. ಪ್ರತಿ ವರ್ಷ ಮಣ್ಣಿನೊಳಗೆ ಕಣ್ಣಿಗೆ ಕಾಣದೆ ನಡೆಯುವ ಸಾವು ಒಂದು ವರ್ಷ ನಡೆಯದೆ ಹೋದದ್ದು.

ಇಲ್ಲಿಂದ ಮುಂದಿನ ಹೆಜ್ಜೆಯೇ ಡಾರ್ವಿನ್ನನದು. ಅವನು 1835ರಲ್ಲಿ ಗಲಾಪಗಸ್ ದ್ವೀಪಗಳನ್ನು ಕಂಡು ಬಂದಿದ್ದ. ಅಲ್ಲಿಂದ ತಂದ ಅಣಕುಹಕ್ಕಿಗಳು ದ್ವೀಪದಿಂದ ದ್ವೀಪಕ್ಕೆ ಬೇರೆ ಬೇರೆ ಪ್ರಭೇದಗಳು ಎಂದು ಪಕ್ಷಿತಜ್ಞ ಗೌಲ್ಡ್ 1837ರಲ್ಲಿ ಹೇಳಿದಾಗ, ಪ್ರಭೇದಗಳು ಬದಲಾಗುತ್ತವೆ ಎಂಬುದು ಅವನಿಗೆ ಮನದಟ್ಟಾಯಿತು. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ. 1838ರ ಸೆಪ್ಟೆಂಬರಿನಲ್ಲಿ ಜನಸಂಖ್ಯೆಯ ಬಗ್ಗೆ ಮಾಲ್ಥಸ್ ಬರೆದ ಪುಸ್ತಕ ಓದುತ್ತಿದ್ದಾಗ ಅದು ಹೊಳೆಯಿತು. ಹುಟ್ಟುವವು ಬಹಳ, ಉಳಿಯುವವು ಕೆಲವು. ಹುಟ್ಟುವ ಎಲ್ಲವೂ ಒಂದೇ ಅಚ್ಚಿನವಲ್ಲ. ಹಾಗಾದರೆ ಉಳಿಯುವವು ಯಾವುವು?

ಮೆತ್ತಡೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳಬಹುದು. ಕೆಲವು ಇಲಿಗಳಿಗೆ ಹುಟ್ಟಿನಿಂದಲೇ ಬಿರುಕಿಗಿಂತ ಕಲ್ಲುರಾಶಿಯ ಕಡೆಗೆ ಒಲವು ಹೆಚ್ಚು ಎಂದು ಊಹಿಸೋಣ. ಮೊದಲ ಮಳೆಗೆ ಬಿರುಕಿನವು ಸತ್ತರೆ ಕಲ್ಲುರಾಶಿಯವು ಉಳಿದಾವು. ಆ ಒಲವು ಮರಿಗಳಿಗೂ ಬರುವಂಥದ್ದಾದರೆ ಮುಂದಿನ ವರ್ಷ ಅಂಥ ಇಲಿಗಳೇ ಹೆಚ್ಚು. ನೂರು ವರ್ಷ, ಸಾವಿರ ವರ್ಷ ಇದು ನಡೆದರೆ ಆ ಇಲಿಯ ಸ್ವಭಾವವೇ ಬೇರೆಯಾದೀತು. ಇಲ್ಲಿ ಇಲಿ ತಾನಾಗಿ ಬದಲಾಗಬೇಕೆಂದು ಪ್ರಯತ್ನಪಡಲಿಲ್ಲ. ಮಳೆಯೂ ಆರಿಸಬೇಕೆಂದು ಆರಿಸಲಿಲ್ಲ. ಆದರೂ ಆಯ್ಕೆ ನಡೆಯಿತು. ಡಾರ್ವಿನ್ ಇದನ್ನೇ ನಿಸರ್ಗದ ಆಯ್ಕೆ ಎಂದ.

ಅವನು ಧಾರವಾಡದ ಇಲಿಯನ್ನು ಓದಿ ಸಿದ್ಧಾಂತ ಕಟ್ಟಿದ ಎಂದಲ್ಲ. ಅವನಿಗೆ ಅದು ಹೊಳೆದದ್ದು 1838ರಲ್ಲಿ, ಎಲಿಯಟ್‌ನ ಪಟ್ಟಿ ಅಚ್ಚಾದದ್ದು ಮರುವರ್ಷ. ಎಲಿಯಟ್‌ನ ಮುಂದೆ ಪುರಾವೆ ಇತ್ತು, ಆದರೆ ಅವನು ಆ ಪ್ರಶ್ನೆ ಕೇಳಲಿಲ್ಲ. ಡಾರ್ವಿನ್ ಪ್ರಶ್ನೆ ಕೇಳಿದ್ದ, ಅವನಿಗೆ ಪುರಾವೆ ಬೇಕಿತ್ತು. ಇವರಿಬ್ಬರ ನಡುವೆ ಪತ್ರ ಹರಿದದ್ದು ಆಶ್ಚರ್ಯವಲ್ಲ.

ತೊಗಲುಗಳ ಪ್ರಯಾಣ

1856ರ ಜನವರಿಯಲ್ಲಿ ಡಾರ್ವಿನ್ ಎಲಿಯಟ್‌ಗೆ ಪತ್ರ ಬರೆದ. ಎಲಿಯಟ್ ಆಗ ಮದರಾಸಿನಲ್ಲಿ ಗವರ್ನರನ ಸಲಹಾ ಮಂಡಲಿಯ ಸದಸ್ಯ. ಡಾರ್ವಿನ್ ಕೇಳಿದ್ದು ಚಿನ್ನವನ್ನಲ್ಲ, ಶಾಲುಗಳನ್ನಲ್ಲ. ಭಾರತದಲ್ಲಿ ಸಾಕುವ ಪಾರಿವಾಳ, ಕೋಳಿಗಳಂಥ ಹಕ್ಕಿಗಳ ತೊಗಲು. ಆ ವರ್ಷವೇ ಭಾರತ ಮತ್ತು ಬರ್ಮಾದ ಸಾಕುಹಕ್ಕಿಗಳ ತೊಗಲುಗಳು ಹಡಗಿನಲ್ಲಿ ಇಂಗ್ಲೆಂಡಿಗೆ ಹೋದವು. 1770ರಲ್ಲಿ ತೀರಿಕೊಂಡ ಸಯ್ಯದ್ ಮಹಮ್ಮದ್ ಮುಸಾರಿ ಎಂಬಾತ ಪಾರಿವಾಳಗಳ ಬಗ್ಗೆ ಪಾರಸಿಯಲ್ಲಿ ಬರೆದಿದ್ದ ಗ್ರಂಥದ ಅನುವಾದವನ್ನೂ ಎಲಿಯಟ್ ಒದಗಿಸಿಕೊಟ್ಟ. 1859ರ ತನ್ನ ಮಹಾಗ್ರಂಥದ ಮೊದಲ ಅಧ್ಯಾಯದಲ್ಲೇ ಡಾರ್ವಿನ್ ಪಾರಿವಾಳದ ತೊಗಲುಗಳಿಗಾಗಿ ಇಬ್ಬರನ್ನು ಹೆಸರಿಸಿ ನೆನೆದಿದ್ದಾನೆ. ಭಾರತದ ಎಲಿಯಟ್ ಒಬ್ಬ, ಪರ್ಶಿಯದ ಮರ್ರೇ ಇನ್ನೊಬ್ಬ.

ಪಾರಿವಾಳವೇ ಏಕೆ? ಜೋಡಿಯನ್ನು ಒಟ್ಟಿಗಿಟ್ಟರೆ ಬೇರೆಯದರ ಗೊಡವೆಗೆ ಹೋಗುವುದಿಲ್ಲ. ಬೇಗ ಮರಿ ಮಾಡುತ್ತದೆ. ಮನುಷ್ಯ ಅದನ್ನು ಸಾವಿರಾರು ವರ್ಷಗಳಿಂದ ಸಾಕಿದ್ದಾನೆ. ಅಕ್ಬರನ ಆಸ್ಥಾನದ ಜೊತೆ 20,000ಕ್ಕೆ ಕಡಿಮೆಯಿಲ್ಲದಷ್ಟು ಪಾರಿವಾಳಗಳು ಹೋಗುತ್ತಿದ್ದವು ಎಂಬುದನ್ನೂ ಡಾರ್ವಿನ್ ಉಲ್ಲೇಖಿಸಿದ್ದಾನೆ. ಹೀಗೆ ಸಾಕಿದವರು ಆರಿಸಿ ಆರಿಸಿ ಎಷ್ಟೋ ತಳಿಗಳನ್ನು ಮಾಡಿದ್ದರು. ಎದೆಯನ್ನು ಚೆಂಡಿನಂತೆ ಉಬ್ಬಿಸುವುದು ಒಂದು, ಆಕಾಶದಲ್ಲಿ ಲಾಗ ಹಾಕುವುದು ಇನ್ನೊಂದು. ಸಾಮಾನ್ಯ ಪಾರಿವಾಳಕ್ಕೆ ಬಾಲದಲ್ಲಿ 12 ಇಲ್ಲವೆ 14 ಗರಿಗಳಿದ್ದರೆ ಬೀಸಣಿಗೆಯಂಥ ಬಾಲದ ಲಕ್ಕಾ ಪಾರಿವಾಳಕ್ಕೆ 30, 40. ಇವನ್ನು ಕಾಡಿನ ಹಕ್ಕಿಗಳೆಂದು ಪಕ್ಷಿತಜ್ಞನಿಗೆ ತೋರಿಸಿದರೆ ಕನಿಷ್ಠ ಇಪ್ಪತ್ತನ್ನಾದರೂ ಬೇರೆ ಬೇರೆ ಪ್ರಭೇದಗಳೆಂದೇ ಎಣಿಸಿಯಾನು ಎಂಬುದು ಡಾರ್ವಿನ್ನನ ಮಾತು.

ಇಷ್ಟು ಬೇರೆಯಾಗಿ ಕಾಣುವ ಇವೆಲ್ಲ ಒಂದೇ ಕಾಡು ಪಾರಿವಾಳದ ಸಂತಾನವೆ? ಪರೀಕ್ಷಿಸಲು ಡಾರ್ವಿನ್ ಅಚ್ಚ ಬಿಳಿಯ ಲಕ್ಕಾವನ್ನೂ ಅಚ್ಚ ಕಪ್ಪಿನ ಬಾರ್ಬ್ ತಳಿಯನ್ನೂ ಕೂಡಿಸಿದ. ಮರಿಗಳು ಕಂದು ಕಪ್ಪಿನ ಮಚ್ಚೆಯವಾದವು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಮೊಮ್ಮಗುವೊಂದು ಹುಟ್ಟಿತು. ಮೈ ನೀಲಿಬೂದು, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ, ಬೆನ್ನಿನ ತುದಿ ಬಿಳುಪು. ಬಂಡೆಗಳ ಸಂದಿಯಲ್ಲಿ ಗೂಡು ಕಟ್ಟುವ ಕಾಡು ಪಾರಿವಾಳದ ತದ್ರೂಪು! ಅಜ್ಜ ಅಜ್ಜಿಯರಲ್ಲಿ ಯಾರಿಗೂ ಇಲ್ಲದ ಬಣ್ಣ ಮೊಮ್ಮಗುವಿಗೆ ಎಲ್ಲಿಂದ ಬಂತು? ಎಲ್ಲ ತಳಿಗಳ ರಕ್ತದಲ್ಲೂ ಅಡಗಿ ಕುಳಿತಿದ್ದ ಮೂಲಪುರುಷನಿಂದ ಬಂತು. ಭಾರತದ ಕಾಡು ಪಾರಿವಾಳಕ್ಕೆ ಮಾತ್ರ ಬೆನ್ನಿನ ತುದಿ ಬಿಳುಪಲ್ಲ, ನೀಲಿಬೂದು ಎಂಬ ವ್ಯತ್ಯಾಸವನ್ನೂ ಅವನು ಮರೆಯದೆ ದಾಖಲಿಸಿದ್ದಾನೆ.

ಈ ತೀರ್ಮಾನ ಇಂದಿಗೂ ನಿಂತಿದೆ. 2013ರಲ್ಲಿ ಪಾರಿವಾಳದ ಸಂಪೂರ್ಣ ಜೀನೋಮ್ ಓದಿದ ವಿಜ್ಞಾನಿಗಳು, ಬೇರೆ ಬೇರೆ ತಳಿಗಳ ತಲೆಯ ಮೇಲಿನ ಜುಟ್ಟಿಗೆ ಒಂದೇ ಜೀನಿನಲ್ಲಿ ಆದ ಒಂದೇ ಬದಲಾವಣೆ ಕಾರಣವೆಂದು ತೋರಿಸಿದರು. ಒಂದು ಅಕ್ಷರ ತಿದ್ದಿದರೆ ಶಬ್ದದ ಅರ್ಥವೇ ಬದಲಾಗುವಂತೆ ಇದು. ಮನುಷ್ಯ ಕೆಲವು ಸಾವಿರ ವರ್ಷಗಳಲ್ಲಿ ಆರಿಸಿ ಇಷ್ಟು ಮಾಡಬಲ್ಲನಾದರೆ ನಿಸರ್ಗ ಕೋಟಿ ವರ್ಷಗಳಲ್ಲಿ ಎಷ್ಟು ಮಾಡಲಾರದು? ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ.

ಡಾರ್ವಿನ್ ಪುರಾವೆ ಕೂಡಿಸುತ್ತ ಕುಳಿತಿದ್ದಾಗಲೇ ಇನ್ನೊಬ್ಬ ಅದೇ ದಾರಿಯಲ್ಲಿ ಬರುತ್ತಿದ್ದ. ಮಲಯ ದ್ವೀಪಗಳಲ್ಲಿ ಹಕ್ಕಿ, ಕೀಟ ಹಿಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದ ವಾಲೆಸ್ 1855ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದ. ಅದನ್ನು ಗಮನಿಸಬೇಕೆಂದು ಆ ವರ್ಷದ ಡಿಸೆಂಬರಿನಲ್ಲಿ ಡಾರ್ವಿನ್ನನಿಗೆ ಬರೆದವನು ಕಲ್ಕತ್ತದ ವಸ್ತುಸಂಗ್ರಹಾಲಯದ ಎಡ್ವರ್ಡ್ ಬ್ಲೈತ್. 1858ರಲ್ಲಿ ವಾಲೆಸ್ ಕಳಿಸಿದ ಇನ್ನೊಂದು ಲೇಖನದಲ್ಲಿ ನಿಸರ್ಗದ ಆಯ್ಕೆಯ ವಿಚಾರವೇ ಇತ್ತು. ಆ ವರ್ಷದ ಜುಲೈ 1ರಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಲಾಯಿತು. 1859ರ ನವೆಂಬರ್ 24ರಂದು ಡಾರ್ವಿನ್ನನ ಪುಸ್ತಕ ಹೊರಬಂತು. ಅಚ್ಚಿಗೆ ಮುಂಚೆ ಹಸ್ತಪ್ರತಿ ಓದಿದ್ದ ಒಬ್ಬ ಸಂಪಾದಕ, ಪಾರಿವಾಳಗಳ ಬಗ್ಗೆ ಮಾತ್ರ ಬರೆದರೆ ಎಲ್ಲರೂ ಕೊಂಡು ಓದುತ್ತಾರೆ ಎಂದು ಸಲಹೆ ಕೊಟ್ಟಿದ್ದನಂತೆ! ಡಾರ್ವಿನ್ ಒಪ್ಪಲಿಲ್ಲ.

ಯಾರು ನೋಡಿದ್ದಾರೆ?

ಕೋತಿ ಮನುಷ್ಯನಾದದ್ದನ್ನು ನಮ್ಮ ಹಿರಿಯರು ಯಾರೂ ನೋಡಿಲ್ಲ, ಬರೆದಿಲ್ಲ, ಆದ್ದರಿಂದ ಡಾರ್ವಿನ್ನನದು ತಪ್ಪು ಎಂದು 2018ರಲ್ಲಿ ಕೇಂದ್ರದ ಸಚಿವರೊಬ್ಬರು ಹೇಳಿದರು. ಬೆಂಗಳೂರಿನಲ್ಲೇ ಕಚೇರಿಯುಳ್ಳ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಇದಕ್ಕೆ ಆಧಾರವಿಲ್ಲವೆಂದು ಜಂಟಿ ಹೇಳಿಕೆ ಕೊಟ್ಟವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಲ್ಲಿ ಅನುವಂಶೀಯತೆ ಮತ್ತು ಜೀವವಿಕಾಸ ಎಂಬ ಅಧ್ಯಾಯ ಬರೀ ಅನುವಂಶೀಯತೆ ಎಂದಾಯಿತು. ಹೊರೆ ಇಳಿಸುವುದು ಉದ್ದೇಶ ಎಂದರು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು, ಆಸಕ್ತರು ಸಹಿ ಹಾಕಿ ಆಕ್ಷೇಪಿಸಿದರು.

ಹೊರೆ ಇಳಿಸುವುದು ಒಳ್ಳೆಯದೇ. ಆದರೆ ಹತ್ತನೆಯ ತರಗತಿ ಮುಗಿದ ಮೇಲೆ ಜೀವಶಾಸ್ತ್ರವನ್ನು ಮತ್ತೆ ಮುಟ್ಟದ ಮಕ್ಕಳೇ ಹೆಚ್ಚು. ಅಂಗಡಿ ಇಡುವವಳು, ಬಸ್ಸು ಓಡಿಸುವವನು, ಕಂಪ್ಯೂಟರ್ ಕಲಿಯುವವಳು, ಹೊಲ ಉಳುವವನು. ಅವರಿಗೂ ಇದು ಬೇಕು. ಕೀಟನಾಶಕ ಹೊಡೆದಷ್ಟೂ ಹುಳು ಏಕೆ ಬಗ್ಗುವುದಿಲ್ಲ, ವೈದ್ಯರು ಬರೆದುಕೊಟ್ಟ ಆಂಟಿಬಯಾಟಿಕ್‌ಗಳು ವರ್ಷ ಕಳೆದಂತೆ ಏಕೆ ಕೆಲಸ ಮಾಡುವುದಿಲ್ಲ, ಕೊರೋನಾ ವೈರಸ್ಸು ಮತ್ತೆ ಮತ್ತೆ ಹೊಸ ರೂಪದಲ್ಲಿ ಏಕೆ ಬಂತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಇದೇ ಅಧ್ಯಾಯದಲ್ಲಿದೆ. ಹುಟ್ಟಿದ್ದು ಬಹಳ, ಸತ್ತದ್ದು ಬಹಳ, ಔಷಧಿಗೆ ಬಗ್ಗದ ಕೆಲವು ಉಳಿದವು, ಉಳಿದವು ಮರಿ ಮಾಡಿದವು. 1826ರ ಎರೆಹೊಲದ ಕಥೆಯೇ.

ಯಾರು ನೋಡಿದ್ದಾರೆ ಎಂಬ ಪ್ರಶ್ನೆ ಮಾತ್ರ ಒಳ್ಳೆಯ ಪ್ರಶ್ನೆ. ಇಂದಿನ ಕೋತಿ ಮನುಷ್ಯನಾಯಿತು ಎಂದು ವಿಕಾಸವಾದ ಹೇಳುವುದೂ ಇಲ್ಲ. ಎರಡಕ್ಕೂ ಬಹಳ ಹಿಂದೆ ಒಬ್ಬನೇ ಪೂರ್ವಜ ಇದ್ದ ಎನ್ನುತ್ತದೆ. ಆ ಪೂರ್ವಜನನ್ನು ಯಾರೂ ಕಂಡಿಲ್ಲ. ಆದರೆ ಬದಲಾವಣೆಯನ್ನು ಬಹಳ ಜನ ಕಂಡಿದ್ದಾರೆ. ಪಾರಿವಾಳ ಸಾಕುವವರು ಕಂಡರು. ಯಾವ ಇಲಿ ಕಲ್ಲುರಾಶಿಯಲ್ಲಿರುತ್ತದೆ, ಯಾವುದು ಬಿರುಕಿನಲ್ಲಿರುತ್ತದೆ, ಯಾವುದು ಪೊದೆಯಲ್ಲಿ ಗೂಡು ನೇಯುತ್ತದೆ ಎಂದು ವಡ್ಡರು ಮೊದಲೇ ಬಲ್ಲವರಾಗಿದ್ದರು. ಒಂದೊಂದಕ್ಕೂ ಅವರಲ್ಲಿ ಬೇರೆ ಹೆಸರಿತ್ತು. ಕೆರೆ ತೋಡಿ, ಕಲ್ಲು ಒಡೆದು ಬದುಕಿದ ಅವರಲ್ಲಿ ಒಬ್ಬರ ಹೆಸರೂ ಎಲಿಯಟ್‌ನ ಇಲಿಗಳಿಗೆ ಇಟ್ಟಿಲ್ಲ. ಅವರ ಬಾಯಿಯ ಮಾತು ಮಾತ್ರ ಲ್ಯಾಟಿನ್ ವೇಷದಲ್ಲಿ ಉಳಿದಿದೆ. ವಿಜ್ಞಾನ ಒಬ್ಬ ಮಹಾಪುರುಷನ ತಲೆಯಲ್ಲಿ ಹುಟ್ಟುವಂಥದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎಲಿಯಟ್ 1860ರಲ್ಲಿ ಸ್ವದೇಶಕ್ಕೆ ಮರಳಿದ. ಕೊನೆಗಾಲದಲ್ಲಿ ಕಣ್ಣು ಹೋಯಿತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಗ್ರಂಥ ಮುಗಿಸಿ 1887ರಲ್ಲಿ ತೀರಿಕೊಂಡ. ಧಾರವಾಡದ ಗುಲಂದಿ, ಮೆತ್ತಡೆಗಳು ಇಂದಿಗೂ ಇವೆ.

ಬೆಂಗಳೂರಿನ ಪಾರಿವಾಳಗಳೂ ಇವೆ. ಮಕ್ಕಳಿಗೆ ರಜೆಯಲ್ಲಿ ಇದಕ್ಕಿಂತ ಅಗ್ಗದ ಪ್ರಯೋಗ ಇನ್ನೊಂದಿಲ್ಲ. ಒಂದು ಹಳೆಯ ನೋಟುಬುಕ್ಕಿನಲ್ಲಿ ನಾಲ್ಕು ಗೆರೆ ಎಳೆದು ಪಟ್ಟೆಯವು ಎಷ್ಟು, ಚೌಕುಳಿಯವು ಎಷ್ಟು, ಕಪ್ಪು ಎಷ್ಟು, ಉಳಿದವು ಎಷ್ಟು ಎಂದು ವಾರಕ್ಕೊಮ್ಮೆ ಎಣಿಸಿದರಾಯಿತು. ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆದ್ದರಿಂದ ಎಣಿಕೆ ದೂರದಿಂದಲೇ ಆಗಲಿ. ಪಟ್ಟೆಯ ಹಕ್ಕಿ ಹಾರುವಾಗ ಬೆನ್ನಿನ ತುದಿ ಬೂದೋ ಬಿಳುಪೋ ಎಂಬುದನ್ನೂ ನೋಡಿ ಬರೆದುಕೊಳ್ಳಬಹುದು. ಪುಸ್ತಕದಿಂದ ಅಧ್ಯಾಯವನ್ನು ತೆಗೆಯಬಹುದು. ಬಾಲ್ಕನಿಯ ಮೇಲಿನ ಅಧ್ಯಾಯವನ್ನು ತೆಗೆಯಲು ಬಲೆ ಕಟ್ಟಿದವರಿಗೂ ಸಾಧ್ಯವಾಗಿಲ್ಲ.